ಸಿಂಜಾರ್‌ನಲ್ಲಿ ಕೆಲಸಕ್ಕೆ ಬಂದ ನಮ್ಮ ಚಕ್ಕುಬಂದಿ

"ಪತ್ರ ಇಲ್ಲ, ನಕಾಶೆ ಇಲ್ಲ, ಅಕ್ಕಪಕ್ಕದವರ ಬಾಯಿಮಾತು ನಂಬಿ ಫೈಲ್ ಮಾಡ್ತೀಯಾ?" ಅಂತ ನಕ್ಕವರೇ ಆಮೇಲೆ ನನ್ನ ಫಾರಂ ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಇರಾಕಿನಲ್ಲಿ ಎರಡು ವರ್ಷ ಯಜೀದಿಗಳ ಮನೆ-ಜಾಗದ ಕಾಗದದ ಕೆಲಸ ಮಾಡಿದೆ. ಯಜೀದಿಗಳು ಅಂದರೆ ಉತ್ತರ ಇರಾಕಿನ ಸಿಂಜಾರ್ ಬೆಟ್ಟದ ಸೀಮೆಯ ಒಂದು ಅಲ್ಪಸಂಖ್ಯಾತ ಧರ್ಮದವರು. 2014ರ ಆಗಸ್ಟ್‌ನಲ್ಲಿ ಐಸಿಸ್ ಉಗ್ರರು ಅಲ್ಲಿಗೆ ನುಗ್ಗಿ ಅವರನ್ನು ಕೊಂದು ಓಡಿಸಿದ್ದು ನಿಮಗೆ ಗೊತ್ತು. ಕಾಗದದ ತಾಪತ್ರಯ ಅದಕ್ಕಿಂತ ಹಳೆಯದು. 1970ರ ದಶಕದಲ್ಲಿ ಆಗ ಇರಾಕ್ ಆಳುತ್ತಿದ್ದ ಬಾತ್ ಪಕ್ಷದ ಸರ್ಕಾರ ಬೆಟ್ಟದ ಹಳ್ಳಿಗಳನ್ನು ಕೆಡವಿ, ಜನರನ್ನು ಬಯಲಿನ ಹೊಸ ಊರುಗಳಿಗೆ ತಂದು ಹಾಕಿತು. ಮನೆ ಕಟ್ಟಿಕೊಂಡರು, ಹಕ್ಕುಪತ್ರ ಮಾತ್ರ ಸಿಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಇರಾಕಿನ ಸಚಿವ ಸಂಪುಟ ಹಕ್ಕುಪತ್ರ ಕೊಡೋಣ ಅಂದಿತು. ಆದರೆ ಬಿದ್ದ ಮನೆ ಯಾರದು ಅಂತ ತೋರಿಸುವುದು ಹೇಗೆ? ಕಾವಲಿಗಿದ್ದ ಕುರ್ದಿಶ್ ಪಡೆ 2014ರಲ್ಲಿ ರಾತ್ರೋರಾತ್ರಿ ಎದ್ದು ಹೋಗಿತ್ತು. ಹಾಗಾಗಿ ಕಾವಲಿಗಿಂತ ಕಾಗದದ ಮೇಲೆ ನನಗೆ ನಂಬಿಕೆ ಜಾಸ್ತಿ.

ಮೊದಲು ಉಪಗ್ರಹದ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಮುನ್ನೂರು ಡಾಲರ್ ನೀರಿಗೆ ಹೋಯ್ತು. ಮೇಲಿಂದ ನೋಡಿದರೆ ಎಲ್ಲಾ ಚಪ್ಪಟೆ ತಾರಸಿ, ಅರ್ಧ ಕುಸಿದದ್ದು, ಯಾರಿಗೂ ಸ್ವಂತ ಮನೆಯೇ ಗುರುತು ಸಿಗಲಿಲ್ಲ. ಆಮೇಲೆ ಎಲ್ಲರನ್ನೂ ಒಂದೇ ಟೆಂಟಲ್ಲಿ ಕೂರಿಸಿ ಕೇಳಿದೆ, ಊರ ಮುಖಂಡ ಏನು ಹೇಳಿದನೋ ಉಳಿದವರೂ ಅದಕ್ಕೇ ತಲೆ ಆಡಿಸಿದರು. ಎರಡು ತಿಂಗಳು ದಂಡ. ಮೇಲಾಗಿ ಫಾರಂನಲ್ಲಿ ಧರ್ಮದ ಕಾಲಂ ಬೇರೆ ಇಟ್ಟಿದ್ದೆ, ದಡ್ಡತನ! ಅದನ್ನು ನೋಡಿ ಪೆನ್ನು ಕೆಳಗಿಟ್ಟವರಿದ್ದರು. ಮಾರನೇ ದಿನವೇ ತೆಗೆದೆ.

ಆಗ ನೆನಪಾಗಿದ್ದು ನಮ್ಮಪ್ಪನ ಕ್ರಯಪತ್ರ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಚಿಕ್ಕಪ್ಪನ ಹಿತ್ತಲು, ಉತ್ತರಕ್ಕೆ ಇಂಥವರ ಮನೆ. ಸರ್ವೇ ನಂಬರ್ ತಪ್ಪಿದ್ದರೂ ಚಕ್ಕುಬಂದಿ ಸರಿ ಇದ್ದರೆ ಜಾಗ ತಪ್ಪಲ್ಲ, ಅಲ್ವಾ? ಅದನ್ನೇ ಮಾಡಿದೆ. ನೆರೆಯವರು ಹೇಗೂ ಉತ್ತರದ ದೊಹುಕ್ ನಗರದ ಸುತ್ತ ನಿರಾಶ್ರಿತರ ಬೇರೆಬೇರೆ ಕ್ಯಾಂಪ್‌ಗಳಲ್ಲಿ ಚದುರಿದ್ದರು, ಒಬ್ಬರು ಶಾರ್ಯಾದಲ್ಲಿ, ಒಬ್ಬರು ಖಾನ್ಕೆಯಲ್ಲಿ. ಎಲ್ಲರೂ ಇದೇ ತೊಂದರೆ ಅಂದರು, ನನಗೆ ಅದೇ ಅನುಕೂಲ. ಮಾತಾಡಿಕೊಳ್ಳಲು ಬಿಡದೆ ಒಬ್ಬೊಬ್ಬರನ್ನೇ ಕೇಳಿದೆ. ನಾಲ್ಕರಲ್ಲಿ ಮೂರು ದಿಕ್ಕು ತಾಳೆಯಾದರೆ ಫೈಲ್, ಇಲ್ಲದಿದ್ದರೆ ಮತ್ತೆ ಟ್ಯಾಕ್ಸಿ. ಸುಳ್ಳು ಹೇಳುವವರನ್ನು ಹಿಡಿಯಲು ಐದನೇ ಪ್ರಶ್ನೆ ಒಂದಿತ್ತು. ಅದನ್ನು ಇಲ್ಲಿ ಹೇಳಲ್ಲ, ಈಗಲೂ ಬಳಕೆಯಲ್ಲಿದೆ.

ಗಂಡಸರಿಗಿಂತ ಹೆಂಗಸರ ನೆನಪು ಪಕ್ಕಾ. ಅರವತ್ತು ದಾಟಿದ ಒಬ್ಬ ಅಜ್ಜಿ ಟೆಂಟ್ ಮುಂದೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಜೋಡಿಸಿ ಇಡೀ ಬೀದಿ ಮಾಡಿದರು. ಯಾರ ಮನೆ ತಂದೂರ್, ಅಂದರೆ ರೊಟ್ಟಿ ಸುಡುವ ಒಲೆ, ಎಲ್ಲಿತ್ತು ಅಂತ ಒಂದೊಂದಕ್ಕೂ ಬೆರಳಿಟ್ಟು ಹೇಳಿದರು. ಅವತ್ತಿಂದ ಬಾಗಿಲು ಬಿಟ್ಟು ತಂದೂರ್ ಕೇಳಲು ಶುರುಮಾಡಿದೆ.

ನಡುವೆ ಜರ್ಮನಿಗೆ ಹೋದ ನೆರೆಯವರಿಂದ ವಾಟ್ಸಾಪ್‌ನಲ್ಲಿ ಧ್ವನಿ ಸಾಕ್ಷಿ ತರಿಸಿದೆ. ನಲವತ್ತರಷ್ಟು ಬಂದವು, ಕೇಳಿದರೆ ಕಣ್ಣು ಒದ್ದೆಯಾಗುವಂಥವು. ಹಕ್ಕುಪತ್ರದ ಕಚೇರಿಯವರು ಒಂದನ್ನೂ ಒಪ್ಪಲಿಲ್ಲ, ಕಾಗದದ ಮೇಲೆ ಹೆಬ್ಬೆಟ್ಟೇ ಬೇಕಂತೆ. ಇನ್ನೊಂದು ಕಡೆ ಊರಂಚಿನ ಅರಬ್ ರೈತನ ಸಹಿ ಬೇಕಾಗಿತ್ತು. ಐಸಿಸ್ ಬಂದುಹೋದ ಮೇಲೆ ಯಜೀದಿಗಳಿಗೆ ನೆರೆಯ ಅರಬರ ಮೇಲೆ ನಂಬಿಕೆ ಇರಲಿಲ್ಲ, ಹೋಗಲೇಬೇಡ ಅಂದರು. ಮೂರು ಸಲ ಹೋಗಿ ಸುಮ್ನೆ ಚಹಾ ಕುಡಿದು ಬಂದೆ, ನಾಲ್ಕನೇ ಸಲ ಅವನೇ "ಹೊಲದ ಆಚೆ ಅವರ ಮನೆ ಇದ್ದದ್ದು ನಿಜ" ಅಂತ ಬರೆಸಿದ.

ಖರ್ಚು? ಒಂದು ಫೈಲ್‌ಗೆ ಹೆಚ್ಚೂಕಡಿಮೆ ಇಪ್ಪತ್ತೈದು ಡಾಲರ್, ಅದರಲ್ಲಿ ಮುಕ್ಕಾಲು ಟ್ಯಾಕ್ಸಿಗೇ. ಮುನ್ನೂರೈವತ್ತು ಚಿಲ್ಲರೆ ಫೈಲ್ ಮಾಡಿದೆ, ತಕರಾರು ಬಂದಿದ್ದು ಏಳೋ ಎಂಟೋ. ದೊಡ್ಡ ಬಜೆಟ್‌ನ ತಂಡಗಳು ಇದನ್ನು ಮುಟ್ಟಿ ತೋರಿಸಲಿ ನೋಡೋಣ.

ಸುಮಾರು ಅರವತ್ತು ಫೈಲ್ ಮಾತ್ರ ಅಲ್ಲೇ ನಿಂತಿವೆ. ಗಂಡ ಕಾಣೆಯಾಗಿದ್ದಾನೆ, ಶವ ಸಿಕ್ಕಿಲ್ಲ, ಮರಣಪತ್ರ ಇಲ್ಲ, ಹೆಂಡತಿಯ ಹೆಸರಿಗೆ ಮಾಡಲ್ಲ ಅಂತಾರೆ. ಮುಚ್ಚಳದ ಅಜ್ಜಿಯದೂ ಅದರಲ್ಲೇ ಇದೆ. ಕೊನೆಯ ದಿನ ಅವರಿಗೆ ಫೈಲ್ ಓದಿ ಹೇಳಿದಾಗ ಒಂದೇ ತಪ್ಪು ತೋರಿಸಿದರು. ಪಶ್ಚಿಮಕ್ಕೆ ಇದ್ದದ್ದು ದಾಳಿಂಬೆ ಅಲ್ಲವಂತೆ, ಅಂಜೂರ. ತಿದ್ದಿ ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಂಡೆ.