ಗ್ಯಾಲಿಯಂಗೆ ನಾನು ಕೊಡದ ಮಾರ್ಕು

ಒಂದು ಕಿರುಪರೀಕ್ಷೆಯಲ್ಲಿ ಸುಲಭದ್ದು ಅಂದುಕೊಂಡು ಒಂದು ಪ್ರಶ್ನೆ ಕೊಟ್ಟಿದ್ದೆ. ಅಲ್ಯುಮಿನಿಯಂ, ಗ್ಯಾಲಿಯಂ ಇವೆರಡರಲ್ಲಿ ಯಾವುದರ ಎಲೆಕ್ಟ್ರೋನೆಗೆಟಿವಿಟಿ, ಅಂದರೆ ಎಲೆಕ್ಟ್ರಾನ್ ಎಳೆದುಕೊಳ್ಳುವ ಕಸುವು, ಜಾಸ್ತಿ? ಇಡೀ ಕ್ಲಾಸು ಅಲ್ಯುಮಿನಿಯಂ ಎಂದು ಬರೆದಿತ್ತು. ಒಬ್ಬ ಹುಡುಗ ಮಾತ್ರ ಗ್ಯಾಲಿಯಂ ಎಂದಿದ್ದ. ಅವನಿಗೆ ಸೊನ್ನೆ ಹಾಕಿದೆ. ಮಾರನೇ ದಿನ ಅವನು ಪುಸ್ತಕ ಹಿಡಿದುಕೊಂಡು ಬಂದ. ಅಲ್ಯುಮಿನಿಯಂ 1.61, ಗ್ಯಾಲಿಯಂ 1.81. "ನಿಂಗೆ ಹೇಗೆ ಗೊತ್ತಾಯ್ತೋ?" ಎಂದು ಕೇಳಿದೆ. "ಸುಮ್ನೆ ಬರೆದೆ ಸರ್, ಆಮೇಲೆ ನೋಡಿದೆ" ಎಂದ. ಅವನ ಪ್ರಾಮಾಣಿಕತೆಗೇ ಒಂದು ಮಾರ್ಕು ಕೊಡಬಹುದಿತ್ತು.

ತಪ್ಪು ನನ್ನದೇ. ಪಿಯು ಮಕ್ಕಳಿಗೆ ವರ್ಷಗಟ್ಟಲೆ ಬೋರ್ಡಿನ ಮೇಲೆ ಎರಡು ಬಾಣ ಎಳೆದು ಈ ಪಾಠ ಮುಗಿಸುತ್ತಿದ್ದೆ. ಆವರ್ತಕ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದರೆ ಹೆಚ್ಚು, ಮೇಲಿಂದ ಕೆಳಗೆ ಬಂದರೆ ಕಮ್ಮಿ. ಗ್ಯಾಲಿಯಂ ಇರುವುದು ಅಲ್ಯುಮಿನಿಯಂನ ಕೆಳಗೆ, ಹಾಗಾಗಿ ಕಮ್ಮಿ ಅಂದುಕೊಂಡಿದ್ದೆ. ಇನ್ನು ಕನ್ನಡ ಮಾಧ್ಯಮದಿಂದ ಬಂದವರಿಗೆ ಎಲೆಕ್ಟ್ರೋನೆಗೆಟಿವಿಟಿಯ ಕನ್ನಡ ಹೆಸರಾದ ವಿದ್ಯುದೃಣತ್ವ ಅಂದರೆ ಅದರೊಳಗಿನ ಋಣವೇ ತೊಡಕು. "ಸಾಲ ಮಾಡೋದಾ ಸರ್?" ಎಂದು ಒಬ್ಬಳು ಕೇಳಿದ್ದಳು. ಎರಡು ಪರಮಾಣು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯನ್ನು ಯಾವುದು ತನ್ನ ಕಡೆ ಹೆಚ್ಚು ಎಳೆಯುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ಹಗ್ಗಜಗ್ಗಾಟ ಎಂದು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದು ಮಾತ್ರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಆ ವರ್ಷ ಬಾಣ ಬಿಟ್ಟು ಹಂಚಿಕಡ್ಡಿ ಹಿಡಿದೆವು. ದಪ್ಪ ಥರ್ಮಾಕೋಲ್ ಹಾಳೆಯ ಮೇಲೆ ಆವರ್ತಕ ಕೋಷ್ಟಕದ ಮನೆಗಳನ್ನು ಬರೆದೆವು. ಲೆಕ್ಕ ಸರಳ, ಎಲೆಕ್ಟ್ರೋನೆಗೆಟಿವಿಟಿ ಒಂದಕ್ಕೆ ಕಡ್ಡಿ 5 ಸೆಂ.ಮೀ. ಫ್ಲೋರಿನ್ 3.98, ಅಂದರೆ ಹೆಚ್ಚುಕಮ್ಮಿ 20 ಸೆಂ.ಮೀ. ಕಡ್ಡಿ. ಸೀಸಿಯಂ 0.79, ನಾಲ್ಕು ಸೆಂಟಿಮೀಟರೂ ಪೂರ್ತಿ ಬರುವುದಿಲ್ಲ. ಮೊದಲ ಸಲ ಒಬ್ಬೊಬ್ಬರು ಒಂದೊಂದು ಆಳಕ್ಕೆ ಚುಚ್ಚಿ ಆಕ್ಸಿಜನ್ ನೈಟ್ರೋಜನ್‌ಗಿಂತ ಗಿಡ್ಡವಾಗಿ ನಿಂತಿತ್ತು! ಆಮೇಲೆ ಪ್ರತಿ ಕಡ್ಡಿಯನ್ನೂ ಬೇಕಾದ್ದಕ್ಕಿಂತ 2 ಸೆಂ.ಮೀ. ಹೆಚ್ಚು ಉದ್ದಕ್ಕೆ ಕತ್ತರಿಸಿ, ಅಲ್ಲಿಗೆ ಸ್ಕೆಚ್ ಪೆನ್ನಿನ ಗುರುತು ಹಾಕಿ, ಗುರುತಿನ ತನಕ ಮಾತ್ರ ಚುಚ್ಚಿದೆವು.

ಎರಡನೇ ಸಾಲು ಲಿಥಿಯಂನಿಂದ ಫ್ಲೋರಿನ್‌ವರೆಗೆ ಚಂದವಾಗಿ ಮೆಟ್ಟಿಲು ಹತ್ತಿತು. ಹೊರಗಿನ ಕವಚ ಅದೇ, ಒಳಗೆ ಪ್ರೋಟಾನ್ ಮಾತ್ರ ಒಂದೊಂದೇ ಜಾಸ್ತಿ, ಹಾಗಾಗಿ ಎಳೆತ ಬಿಗಿಯಾಗುತ್ತದೆ. ಗ್ಯಾಲಿಯಂ ಹತ್ತಿರ ಬಂದಾಗ ಮಾತ್ರ ಎಲ್ಲರೂ ಬಗ್ಗಿ ನೋಡಿದರು. ಮೇಲಿನ ಅಲ್ಯುಮಿನಿಯಂ ಕಡ್ಡಿಗಿಂತ ಅದು ಒಂದು ಸೆಂಟಿಮೀಟರ್ ಎತ್ತರ. ಕಾರಣ ಪಕ್ಕದಲ್ಲೇ ಇತ್ತು. ಗ್ಯಾಲಿಯಂ ಬರುವ ಮೊದಲು ಆ ಸಾಲಿನಲ್ಲಿ ಒಳಗಿನ ಕವಚದಲ್ಲಿ ಡಿ ಎಂಬ ಬಗೆಯ ಹತ್ತು ಎಲೆಕ್ಟ್ರಾನ್‌ಗಳು ತುಂಬಿರುತ್ತವೆ. ಇವು ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡುವುದಿಲ್ಲ, ತೆಳು ಪರದೆಯ ಹಾಗೆ. ಅದಕ್ಕೇ ಒಂದು ಕವಚ ಹೆಚ್ಚಿದ್ದರೂ ಗ್ಯಾಲಿಯಂ ಅಲ್ಯುಮಿನಿಯಂಗಿಂತ ಚಿಕ್ಕದು. ತ್ರಿಜ್ಯ 135 ಪಿಕೋಮೀಟರ್, ಅಲ್ಯುಮಿನಿಯಂನದು 143. ಪಕ್ಕದ ಜರ್ಮೇನಿಯಂ (2.01) ಕೂಡ ಸಿಲಿಕಾನ್‌ಗಿಂತ (1.90) ಸ್ವಲ್ಪ ಎತ್ತರವೇ.

"ಈ ನಂಬರನ್ನ ಯಾವ ಮೆಷಿನ್ನಲ್ಲಿ ಅಳೀತಾರೆ ಸರ್?" ಎಂದು ಆಗ ಯಾರೋ ಕೇಳಿದರು. ಮೆಷಿನ್ ಏನೂ ಇಲ್ಲ. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1932ರಲ್ಲಿ ಬಂಧ ಮುರಿಯಲು ಬೇಕಾಗುವ ಶಕ್ತಿಯಿಂದ ಇದನ್ನು ಲೆಕ್ಕ ಹಾಕಿದರು. ನಾವೂ ಹಾಕಿ ನೋಡಿದೆವು. ಒಂದು ಮೋಲ್‌ಗೆ ಎರಡು ಹೈಡ್ರೋಜನ್ ಪರಮಾಣುಗಳ ನಡುವಿನ ಬಂಧ 436 ಕಿಲೋಜೂಲ್, ಎರಡು ಕ್ಲೋರಿನ್ ಪರಮಾಣುಗಳ ನಡುವಿನದು 242. ಸರಾಸರಿ 339. ಆದರೆ ಹೈಡ್ರೋಜನ್ ಕ್ಲೋರೈಡಿನ ಬಂಧ 431. ಎಳೆತ ಸಮವಿಲ್ಲದ್ದಕ್ಕೇ ಹೆಚ್ಚುವರಿ 92 ಬಂತು. ಅದರ ವರ್ಗಮೂಲವನ್ನು 0.102ರಿಂದ ಗುಣಿಸಿದರೆ 0.98. ಪಟ್ಟಿಯಲ್ಲಿ ಕ್ಲೋರಿನ್ 3.16, ಹೈಡ್ರೋಜನ್ 2.20, ವ್ಯತ್ಯಾಸ 0.96. ಕ್ಲಾಸಿನಲ್ಲಿ ಸಣ್ಣ ಚಪ್ಪಾಳೆ ಬಿತ್ತು.

ನಾನು ಜಂಬದಿಂದ ಹೈಡ್ರೋಜನ್ ಅಯೋಡೈಡ್ ಕೊಟ್ಟೆ. ಬಂದದ್ದು 0.22, ಬರಬೇಕಿದ್ದದ್ದು 0.46. ಚಪ್ಪಾಳೆ ನಿಂತಿತು. ಪಟ್ಟಿಯ ಬೆಲೆಗಳು ಒಂದೇ ಸಂಯುಕ್ತದಿಂದ ಬಂದವಲ್ಲ, ಹಲವನ್ನು ಹೊಂದಿಸಿ ತೆಗೆದವು. ಹೆಚ್ಚುವರಿ ತೀರಾ ಸಣ್ಣದಿದ್ದಾಗ ಒಂದೆರಡು ಕಿಲೋಜೂಲ್ ಅತ್ತಿತ್ತ ಆದರೂ ಉತ್ತರ ಅಲುಗಾಡುತ್ತದೆ. ಇದನ್ನು ವಿವರಿಸುವಷ್ಟರಲ್ಲಿ ಬೆಲ್ ಹೊಡೆಯಿತು.

ನನಗೆ ಇಷ್ಟದ ಕಡ್ಡಿ ಚಿನ್ನದ್ದು. ಗಿಡ್ಡ ಲೋಹಗಳ ನಡುವೆ 12.7 ಸೆಂ.ಮೀ. ನಿಂತಿದೆ, ಹತ್ತಿರಹತ್ತಿರ ಕಾರ್ಬನ್ನಿನಷ್ಟೇ. ಸೀಸಿಯಂ ಸಿಕ್ಕರೆ ಚಿನ್ನ ಅದರ ಎಲೆಕ್ಟ್ರಾನ್ ಕಿತ್ತುಕೊಂಡು ಋಣ ಅಯಾನ್ ಆಗಿಬಿಡುತ್ತದೆ. ಲೋಹ ಅಂದರೆ ಕೊಡುವುದು ಎಂದು ಕಲಿತ ಮಕ್ಕಳಿಗೆ ಇದು ನಂಬಲಾಗದ ಮಾತು.

ಆ ಹುಡುಗನಿಗೆ ಮಾರ್ಕು ಸೇರಿಸಿದೆ, ಉಳಿದವರದ್ದನ್ನು ಕಳೆಯಲಿಲ್ಲ. ಹಾಳೆ ಈಗ ಲ್ಯಾಬಿನ ಬೀರುವಿನ ಮೇಲಿದೆ. ಕೋಷ್ಟಕದ ಕೆಳಗೆ ಬೇರೆಯಾಗಿ ಬರುವ ಲ್ಯಾಂಥನೈಡ್ ಸಾಲು ಇನ್ನೂ ಖಾಲಿ. ಎಲ್ಲವೂ ಆರು ಸೆಂಟಿಮೀಟರ್ ಆಸುಪಾಸೇ ಅಲ್ವಾ, ಕತ್ತರಿಸೋಕೆ ಯಾರಿಗೂ ಉತ್ಸಾಹವಿಲ್ಲ.