ಯಾರದೋ ಹೆಸರಿಗೆ ಬರೆದ ಆಟೋಗ್ರಾಫ್‌ಗಳನ್ನೇ ನಾನು ಕೊಂಡೆ

"ಟು ಸ್ಟೀವ್" ಅಂತ ಬರೆದ ಆಟೋಗ್ರಾಫ್ ಯಾರಿಗೆ ಬೇಕು? ಇಂಡಿಯಾನಾಪೊಲಿಸ್‌ನಲ್ಲಿ ಎಬಿಎ (ಎನ್‌ಬಿಎಗೆ ಪೈಪೋಟಿಯಾಗಿದ್ದ ಹಳೇ ಬಾಸ್ಕೆಟ್‌ಬಾಲ್ ಲೀಗ್) ಕಾಲದ, ಈ ಊರಿನ ತಂಡ ಪೇಸರ್ಸ್‌ನ ಸಾಮಾನು ಸೇರಿಸಲು ಹೊರಟಾಗ ಗೆಳೆಯರೆಲ್ಲ ಇದನ್ನೇ ಕೇಳಿದರು. ಮಾರಿದರೆ ಅರ್ಧ ಬೆಲೆಯೂ ಬರಲ್ಲ ಅಂದರು. ಈ ವರ್ಷ ಇಂಥ ಸಹಿಯಿರುವ ಸುಮಾರು ಇಪ್ಪತ್ತು ಪುಟಗಳನ್ನು ಅಸಲಿಯೋ ನಕಲಿಯೋ ಅಂತ ಪರೀಕ್ಷೆಗೆ ಕಳಿಸಿದೆ. ಒಂದೆರಡು ಬಿಟ್ಟು ಎಲ್ಲವೂ ಅಸಲಿ ಅಂತ ಸರ್ಟಿಫಿಕೇಟ್ ಹೊತ್ತು ಬಂದವು.

ನಕಲಿ ಮಾಡುವವನಿಗೆ ಬೇಕಿರುವುದು ದುಡ್ಡು. ಅವನು ಯಾರದೋ ಹೆಸರು ಸೇರಿಸಿ ತನ್ನ ಮಾಲಿನ ಬೆಲೆ ಯಾಕೆ ಇಳಿಸಿಕೊಳ್ಳುತ್ತಾನೆ? ಅಕ್ಷರ ಜಾಸ್ತಿಯಾದಷ್ಟೂ ಸಿಕ್ಕಿಬೀಳುವುದು ಸುಲಭ ಬೇರೆ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ನಡೆಸಿದ ನಕಲಿ ಸಹಿಗಳ ತನಿಖೆ ಆಪರೇಷನ್ ಬುಲ್‌ಪೆನ್‌ನಲ್ಲಿ ಸಿಕ್ಕ ನಕಲಿಗಳೂ ದೊಡ್ಡ ಹೆಸರುಗಳದ್ದೇ ಅಲ್ವಾ?

ನನ್ನ ದುಡ್ಡು ಹೋಗಿದ್ದೆಲ್ಲ ಚೆಂಡುಗಳಿಗೆ. ಎಬಿಎಯ ಕೆಂಪು-ಬಿಳಿ-ನೀಲಿ ಚೆಂಡು, ಇಡೀ ತಂಡದ ಸಹಿ, 1968-69ರದ್ದು ಅಂತ ಹೇಳಿ ಒಬ್ಬ ವ್ಯಾಪಾರಿ 400 ಡಾಲರ್ ತಗೊಂಡ. ಅದರ ಮೇಲೆ ಜಾರ್ಜ್ ಮೆಕ್‌ಗಿನಿಸ್ ಸಹಿಯೂ ಇತ್ತು. ಮೆಕ್‌ಗಿನಿಸ್ ಪೇಸರ್ಸ್ ಸೇರಿದ್ದೇ 1971ರಲ್ಲಿ! ದುಡ್ಡು ವಾಪಸ್ ಬರಲಿಲ್ಲ. ಇನ್ನೊಂದು ಚೆಂಡಿನಲ್ಲಿ ಸಹಿಗಳು ಅಸಲಿಯೇ. ಆದರೆ ಹಳೆಯ ಮಾಲೀಕರು ಅದನ್ನು ಕಿಟಕಿ ಪಕ್ಕ ಇಟ್ಟಿದ್ದರು. ಬಿಳಿ ಭಾಗದ ಮೇಲಿನ ಸ್ಕೆಚ್ ಪೆನ್ ಗುರುತು ಬರೀ ಹಳದಿ ನೆರಳಾಗಿತ್ತು. 250ಕ್ಕೆ ಬಂದದ್ದು ನೂರಕ್ಕೂ ಹೋಗಲಿಲ್ಲ. ಅಲ್ಲಿಗೆ ಚೆಂಡಿನ ಸಹವಾಸ ಬಿಟ್ಟೆ.

ಆಮೇಲೆ ಹಿಡಿದದ್ದು ಪಂದ್ಯದ ಪ್ರೋಗ್ರಾಂ ಪುಸ್ತಕಗಳನ್ನು. 1974ರವರೆಗೆ ಪೇಸರ್ಸ್ ಆಡಿದ್ದು ಸ್ಟೇಟ್ ಫೇರ್‌ಗ್ರೌಂಡ್ಸ್ ಕೊಲಿಸಿಯಂನಲ್ಲಿ. ಅಲ್ಲಿ ಮಕ್ಕಳು ಹಾಕಿಸಿಕೊಂಡ ಸಹಿಗಳು ಇವತ್ತಿಗೂ ಈ ಊರಿನ ಮನೆಗಳ ಪೆಟ್ಟಿಗೆಯಲ್ಲಿವೆ. ಮನೆಯ ಹಳೇ ಸಾಮಾನೆಲ್ಲ ಮಾರುವ ಎಸ್ಟೇಟ್ ಸೇಲ್‌ನಲ್ಲಿ ಹತ್ತಿಪ್ಪತ್ತು ಡಾಲರ್‌ಗೆ ಸಿಗುತ್ತವೆ. ಯಾವ ಬಡಾವಣೆ, ಯಾವ ಹೊತ್ತು ಅನ್ನೋದನ್ನು ಮಾತ್ರ ಹೇಳಲ್ಲ.

ಮನೆಯವರನ್ನು ನೇರವಾಗಿ ಕೇಳುತ್ತೇನೆ: ಸ್ಟೀವ್ ಯಾರು? "ನಮ್ಮಣ್ಣ" ಅಂದರೆ ಅಲ್ಲೇ ಒಂದು ಚೀಟಿ ಬರೆಸಿಕೊಳ್ಳುತ್ತೇನೆ. ಹೆಸರಿಲ್ಲದ ಸಹಿಗೆ ಇಂಥ ಸಾಕ್ಷಿ ಎಲ್ಲಿಂದ ತರುವುದು?

ಭೂತಗನ್ನಡಿಯಲ್ಲಿ ಚುಕ್ಕೆಗಳು ಕಂಡರೆ ಅದು ಅಚ್ಚಿನ ಸಹಿ. ಬಾಲ್‌ಪೆನ್ ಆದರೆ ಕಾಗದ ಒಳಗೆ ಒತ್ತಿರುತ್ತದೆ. ಆಮೇಲೆ ಆಟಗಾರರ ಪಟ್ಟಿ ತೆಗೆಯುತ್ತೇನೆ. ಮೆಲ್ ಡೇನಿಯಲ್ಸ್ 1974ರಲ್ಲಿ ತಂಡ ಬಿಟ್ಟರು, ಬಿಲ್ಲಿ ನೈಟ್ ಬಂದದ್ದು ಅದೇ ವರ್ಷ. ಒಂದೇ ಪಂದ್ಯದ ದಿನ ಇಬ್ಬರೂ ಪೇಸರ್ಸ್ ಆಟಗಾರರಾಗಿ ಸಹಿ ಹಾಕಿದರು ಅಂತ ಯಾರಾದರೂ ಕಥೆ ಹೇಳಿದರೆ ನಂಬಬೇಡಿ. ಬೇರೆ ಬೇರೆ ಕಾಲದಲ್ಲಿ ಹಾಕಿದ ಅಸಲಿ ಸಹಿಗಳಿರಬಹುದು. ಆದರೆ ಅದಕ್ಕೆ ಒಂದೇ ದಿನದ ಸಹಿಗಳ ಬೆಲೆ ಕೊಡಬಾರದು.

ನನಗೆ ಎಲ್ಲಕ್ಕಿಂತ ಪ್ರೀತಿಯದು ರೋಜರ್ ಬ್ರೌನ್ ಸಹಿ. ಜೂಜುಕೋರ ಜ್ಯಾಕ್ ಮೊಲಿನಾಸ್ ಪರಿಚಯವಿತ್ತು ಅನ್ನೋ ಕಾರಣಕ್ಕೆ ಎನ್‌ಬಿಎ ಅವರಿಗೆ ಬಾಗಿಲು ಮುಚ್ಚಿತು. 1967ರಲ್ಲಿ ಪೇಸರ್ಸ್ ಮೊದಲು ಸೇರಿಸಿಕೊಂಡದ್ದು ಅವರನ್ನೇ. 1997ರಲ್ಲಿ ತೀರಿಹೋದರು, ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಬಂದದ್ದು 2013ರಲ್ಲಿ. ಬದುಕಿರುವವರಿಗೆ ಕಾರ್ಡ್ ಕಳಿಸಿ ಅಂಚೆಯಲ್ಲಿ ಸಹಿ ತರಿಸಬಹುದು, ಇವರದ್ದು ಹಳೇ ಕಾಗದದಲ್ಲೇ ಹುಡುಕಬೇಕು. ಒಂದು ಹುಡುಗಿಯ ಹೆಸರಿಗೆ ಅವರು ಬರೆದ ಪುಟ ನನಗೆ ಇಪ್ಪತ್ತು ಡಾಲರ್ ಒಳಗೆ ಸಿಕ್ಕಿತು. ಅವರ ಸಹಿಯಲ್ಲಿ ನಾನು ನೋಡುವ ಅಕ್ಷರ ಒಂದಿದೆ. ಅದು ನನ್ನ ಬಳಿಯೇ ಇರಲಿ. ಈಗ ಇನ್ನೂರರ ಮೇಲೆ ಕೊಡುತ್ತೇನೆ ಅಂದವರಿದ್ದಾರೆ. ಕೊಟ್ಟಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದೇ ಹಾಳೆಯಲ್ಲಿ ಸ್ಕೆಚ್ ಪೆನ್, ಬಾಲ್‌ಪೆನ್, ಪೆನ್ಸಿಲ್‌ನಲ್ಲಿ ಗೀಚಿ, ಅರ್ಧ ಮುಚ್ಚಿ, ಬೇಸಿಗೆಯಿಡೀ ಬಿಸಿಲಿಗೆ ಇಟ್ಟೆ. ಸ್ಕೆಚ್ ಪೆನ್ ಹೆಚ್ಚುಕಡಿಮೆ ಹೋಯಿತು. ಬಾಲ್‌ಪೆನ್ ಮಸುಕಾಯಿತು. ಪೆನ್ಸಿಲ್ ಹಾಗೇ ಇತ್ತು. ಪೆನ್ಸಿಲ್ ಸಹಿ ಅಂದರೆ ಮೂಗು ಮುರಿಯುವವರು ಇದನ್ನೊಮ್ಮೆ ಮಾಡಿ ನೋಡಲಿ.

ಪರೀಕ್ಷೆಗೆ ಪುಟಕ್ಕೆ ಇಪ್ಪತ್ತೈದು ಡಾಲರ್ ಆಸುಪಾಸು ಬಿತ್ತು, ಅಂಚೆ ಖರ್ಚು ಬೇರೆ. ನಾಲ್ಕು ಪುಟ ಮಾರಿದ್ದರಲ್ಲೇ ಅದೆಲ್ಲ ಹುಟ್ಟಿತು. ಮುಂದಿನ ಕಣ್ಣು ಲೂಯಿವಿಲ್ ಮೇಲೆ. ಅಲ್ಲಿನ ಕೆಂಟಕಿ ಕರ್ನಲ್ಸ್ 1975ರಲ್ಲಿ ಎಬಿಎ ಚಾಂಪಿಯನ್ ಆಗಿ, ಮರುವರ್ಷ ಎನ್‌ಬಿಎಗೆ ಸೇರದೆ ಮುಚ್ಚಿಹೋದ ತಂಡ. ಇಲ್ಲಿಂದ ಎರಡು ಗಂಟೆ ದಾರಿ, ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಸಾಕು.