ಹಳೇ ಯುಕುಲೇಲಿ ಸಿಕ್ಕಿತಾ? ಮೊದಲು ಬೆನ್ನು ತಿರುಗಿಸಿ ನೋಡಿ

ಭಾನುವಾರ ಬೆಳಿಗ್ಗೆ ಇಲ್ಲಿ ನ್ಯೂಜೆರ್ಸಿಯಲ್ಲಿ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಅಮೆರಿಕದವರು ಅದಕ್ಕೆ ಇಟ್ಟಿರುವ ಹೆಸರು 'ಚಿಗಟದ ಸಂತೆ'. ಯುಕುಲೇಲಿ ಅಂದರೆ ಹವಾಯಿ ದ್ವೀಪಗಳ, ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ. ಅಲ್ಲಿನ ಭಾಷೆಯಲ್ಲಿ 'ಉಕು' ಅಂದರೆ ಚಿಗಟ, 'ಲೇಲೆ' ಅಂದರೆ ಜಿಗಿತ. ಹಾಗಾಗಿ ಚಿಗಟದ ಸಂತೆಯಲ್ಲಿ ನನಗೆ ಯುಕುಲೇಲಿ ಸಿಕ್ಕಿದ್ದು ನ್ಯಾಯವೇ. ರಟ್ಟಿನ ಡಬ್ಬಿಯೊಂದರಲ್ಲಿ, ಹಳೇ ಫೋಟೋ ಕಟ್ಟುಗಳ ಅಡಿಯಲ್ಲಿ ಬಿದ್ದಿತ್ತು. ನಾಲ್ಕು ತಂತಿಯಲ್ಲಿ ಉಳಿದದ್ದು ಎರಡು. ತಂತಿ ಬಿಗಿಸುವ ಒಂದು ಬಿರಡೆಯ ಜಾಗದಲ್ಲಿ ಪೆನ್ಸಿಲ್ ತುಂಡು ಸಿಗಿಸಿದ್ದರು. ಬೆಲೆ 40 ಡಾಲರ್.

ಜೇಬಿಗೆ ಕೈ ಹಾಕುವ ಮೊದಲು ಐದು ನಿಮಿಷ ಏನೇನು ನೋಡಬೇಕು, ಮನೆಗೆ ತಂದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಆ ಪೆನ್ಸಿಲ್ ಬಿರಡೆಯ ವಾದ್ಯವನ್ನೇ ಇಟ್ಟುಕೊಂಡು ಹೇಳುತ್ತೇನೆ. ವಾದ್ಯದ ಭಾಗಗಳಿಗೆ ನಮ್ಮ ವೀಣೆಯ ಮಾತುಗಳೇ ಸಾಕು: ಬಿರಡೆ, ದಂಡಿ (ಉದ್ದನೆಯ ಕತ್ತು), ಕುದುರೆ (ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿ), ಮೆಟ್ಟಿಲು (ದಂಡಿಯ ಮೇಲಿನ ಅಡ್ಡಪಟ್ಟಿಗಳು).

1. ತಲೆಯ ಹಿಂಭಾಗ ನೋಡಿ

ಎಲ್ಲರೂ ಮುಂಭಾಗದ ಹೊಳಪು ನೋಡುತ್ತಾರೆ. ನೀವು ವಾದ್ಯವನ್ನು ಬೋರಲು ಹಾಕಿ. ಪೆನ್ಸಿಲ್ವೇನಿಯಾದ ನಜರೆತ್ ಊರಿನ ಮಾರ್ಟಿನ್ ಗಿಟಾರ್ ಕಂಪನಿ ಸುಮಾರು 1935ರವರೆಗೆ ಬಿರಡೆ ತಲೆಯ ಹಿಂದೆ ತನ್ನ ಹೆಸರನ್ನು ಮರಕ್ಕೇ ಒತ್ತುತ್ತಿತ್ತು. ಆಮೇಲಿನವುಗಳಲ್ಲಿ ಹೆಸರು ಮುಂಭಾಗದಲ್ಲಿ, ಅಂಟಿಸಿದ ಅಕ್ಷರಗಳಲ್ಲಿ ಇರುತ್ತದೆ. ಒತ್ತಿದ ಅಕ್ಷರ ಸವೆದಿದ್ದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಓದಬಹುದು. ನನ್ನದರಲ್ಲಿ 'ಮಾರ್ಟಿನ್' ಅಂತ ಅರೆಬರೆ ಕಂಡಿತು. ಎದೆ ಹೊಡೆದುಕೊಂಡಿತು, ಆದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ 40 ಹೋಗಿ 140 ಆಗುತ್ತದೆ.

ಮಾರ್ಟಿನ್ ಕಥೆ ತಮಾಷೆಯದು. 1907ರಲ್ಲಿ ಅವರು ಯುಕುಲೇಲಿಯನ್ನು ಪುಟ್ಟ ಗಿಟಾರ್ ಅಂದುಕೊಂಡು ಮಾಡಿದರು. ಮೇಲೆ ಸ್ಪ್ರೂಸ್ ಮರದ ಹಲಗೆ, ಒಳಗೆ ಜಾಸ್ತಿ ಆಧಾರ ಪಟ್ಟಿಗಳು. ಸದ್ದು ಹೊರಗೇ ಬರಲಿಲ್ಲ, ಯಾರೂ ಕೊಳ್ಳಲಿಲ್ಲ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಹವಾಯಿಯ ವಾದ್ಯಗಾರರು ನುಡಿಸಿದ್ದೇ ತಡ, ಇಡೀ ಅಮೆರಿಕಕ್ಕೆ ಯುಕುಲೇಲಿ ಹುಚ್ಚು ಹಿಡಿಯಿತು. ಮಾರ್ಟಿನ್ ಮರುವರ್ಷ ತೆಳು ಮಹಾಗನಿಯಲ್ಲಿ ಹೊಸದಾಗಿ ಶುರುಮಾಡಿತು. 1926ರ ಒಂದೇ ವರ್ಷದಲ್ಲಿ 14,000ಕ್ಕೂ ಹೆಚ್ಚು ಯುಕುಲೇಲಿ ಮಾಡಿತು. ಅದಕ್ಕೇ ಇಂದಿಗೂ ಸಂತೆಯಲ್ಲಿ, ಅಟ್ಟದಲ್ಲಿ ಅವು ಸಿಗುತ್ತಲೇ ಇರುತ್ತವೆ.

ತಲೆಯಲ್ಲಿ ಏನೂ ಇಲ್ಲದಿದ್ದರೆ ಸದ್ದಿನ ತೂತಿನೊಳಗೆ ಇಣುಕಿ. ಹೊನೊಲುಲುವಿನ ಕಮಾಕಾ ಮನೆತನದ ವಾದ್ಯಗಳಲ್ಲಿ ಅಲ್ಲಿ ಚೀಟಿ ಅಂಟಿಸಿರುತ್ತಾರೆ. ಚಿನ್ನದ ಬಣ್ಣದ ಚೀಟಿ ಇದ್ದರೆ ಅದು 1950-60ರ ದಶಕದ್ದು. ಆ ಮನೆತನದ ಹಿರಿಯ ಸ್ಯಾಮುಯೆಲ್ ಕಮಾಕಾ 1916ರಲ್ಲಿ ಕೆಲಸ ಶುರುಮಾಡಿದವರು. ಅನಾನಸ್ ಆಕಾರದ ಯುಕುಲೇಲಿ ಅವರದೇ ಕಲ್ಪನೆ.

2. ಬಿರಡೆ ಮತ್ತು ಮೆಟ್ಟಿಲು

ಮಾರ್ಟಿನ್‌ನಲ್ಲಿ ನಂಬರ್ ಹುಡುಕಿ ಪ್ರಯೋಜನವಿಲ್ಲ. ಅದರ ಯುಕುಲೇಲಿಗಳಿಗೆ ಗಿಟಾರುಗಳ ಹಾಗೆ ನಂಬರ್ ಹಾಕುತ್ತಿರಲಿಲ್ಲ, ತೀರ ಮೊದಲ ಕೆಲವನ್ನು ಬಿಟ್ಟರೆ. ಹಾಗಾಗಿ ಸಣ್ಣಪುಟ್ಟ ಗುರುತುಗಳಿಂದಲೇ ವಯಸ್ಸು ಹೇಳಬೇಕು. ಬಿರಡೆ ಮರದ್ದಾದರೆ ಬಹುತೇಕ 1920ರ ದಶಕದ ಮಧ್ಯಕ್ಕಿಂತ ಹಿಂದಿನದು. ಆಮೇಲೆ ಲೋಹದ ಬಿರಡೆ ಬಂತು. ಮೆಟ್ಟಿಲ ಕೊನೆಯನ್ನು ದಂಡಿಯ ಪಕ್ಕದಿಂದ ನೋಡಿ. ಚಪ್ಪಟೆ ಪಟ್ಟಿಯನ್ನು ನೇರವಾಗಿ ಮರಕ್ಕೆ ಇಳಿಸಿದಂತಿದ್ದರೆ ಸುಮಾರು 1934ಕ್ಕಿಂತ ಮುಂಚಿನದು. ಅಣಬೆಯ ಹಾಗೆ ತಲೆ ಅಗಲವಾಗಿದ್ದರೆ ಆಮೇಲಿನದು. ಯಾರೋ ನಡುವೆ ಬಿರಡೆ ಬದಲಾಯಿಸಿರಬಹುದು. ಆದ್ದರಿಂದ ಒಂದೇ ಗುರುತು ನಂಬಬೇಡಿ, ಮೂರಾದರೂ ಹೊಂದಬೇಕು.

3. ಅಂಚು ಸವರಿ

ಮಾರ್ಟಿನ್ ಯುಕುಲೇಲಿಯ ದರ್ಜೆ ಹೇಳುವುದು ಅಂಚು. ಒಡಲಿನ ಸುತ್ತ ಯಾವ ಪಟ್ಟಿಯೂ ಇಲ್ಲದೆ ಬರೀ ಮರವಿದ್ದರೆ ಅದು 0 ದರ್ಜೆ, 1922ರಲ್ಲಿ ಶುರುವಾದದ್ದು. ಕಪ್ಪು-ಕಂದು ಪಟ್ಟಿ ಇದ್ದರೆ 1, ದಂತದ ಬಣ್ಣದ ಪಟ್ಟಿಯಾದರೆ 2. ಹಲವು ಗೆರೆಗಳಿದ್ದು 17 ಮೆಟ್ಟಿಲಿದ್ದರೆ 3. ಸುತ್ತಲೂ ಕಪ್ಪೆಚಿಪ್ಪಿನ ಹೊಳಪು ಕಂಡರೆ 5. ಅಂಥದ್ದು ಸಿಕ್ಕವರು ಈ ಲೇಖನ ಓದುತ್ತಾ ಕೂರುವುದಿಲ್ಲ ಬಿಡಿ.

ನನ್ನದಕ್ಕೆ ಅಂಚು ಇಲ್ಲ, ಬಿರಡೆ ಮೂರು ಮರದವು, ನಾಲ್ಕನೆಯದು ಪೆನ್ಸಿಲ್. ಅಂದರೆ 1922ರಿಂದ ಈಚೆಗೆ, 1920ರ ದಶಕದ ಒಳಗೆ. ಅತಿ ಅಗ್ಗದ ದರ್ಜೆ. ಆದರೆ ಸದ್ದಿನಲ್ಲಿ ಅದು ಅಣ್ಣಂದಿರಿಗೆ ಸೋಲುವುದಿಲ್ಲ. ದರ್ಜೆ ಏರಿದಂತೆ ಏರುವುದು ಅಲಂಕಾರ.

ಮರದ ವಿಷಯ ಒಂದು ಮಾತು. ಹವಾಯಿಯ ಕೋವಾ ಮರದ ವಾದ್ಯಗಳಿಗೆ ಬೆಲೆ ಜಾಸ್ತಿ. ಕೋವಾ ಬೆಳೆಯುವುದು ಹವಾಯಿಯಲ್ಲಿ ಮಾತ್ರ. ಆದರೆ ಅದೂ ಅಕೇಶಿಯಾ ಜಾತಿಯೇ. ಮಲೆನಾಡಿನ ನೆಡುತೋಪುಗಳಲ್ಲಿ ಕುಡುಗೋಲಿನಂಥ ಎಲೆಯ ಅಕೇಶಿಯಾ ನೋಡಿದ್ದೀರಲ್ಲ, ಅದರ ನೆಂಟ. ಬೆಳಕಿಗೆ ಓಲಾಡಿಸಿದರೆ ಕೋವಾದಲ್ಲಿ ಚಿನ್ನದ ಅಲೆಗಳು ಸರಿದಾಡಬಹುದು. ಮಹಾಗನಿ ಸುಮ್ನೆ ಕೆಂಪಗೆ ಇರುತ್ತದೆ.

4. ಆರೋಗ್ಯ ತಪಾಸಣೆ

ಬಡಗಿ ರೀಪು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡಿ. ಬಾಗಿದ್ದರೆ ವಾಪಸ್ ಇಡಿ. ಗಿಟಾರಿನ ಹಾಗೆ ಒಳಗೆ ತಿರುಗಿಸಿ ಸರಿಮಾಡುವ ಸರಳು ಇದರಲ್ಲಿಲ್ಲ. ರಿಪೇರಿ ಖರ್ಚು ವಾದ್ಯದ ಬೆಲೆ ದಾಟುತ್ತದೆ.

ಆಮೇಲೆ ಕುದುರೆ. ಅದರ ಹಿಂಬದಿಗೆ ಒಂದು ಕಾಗದದ ಅಂಚು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಇದು ದೊಡ್ಡ ತೊಂದರೆಯಲ್ಲ, ಚೌಕಾಸಿಗೆ ಒಳ್ಳೆಯ ಕಾರಣ. ಬೆರಳ ಗೆಣ್ಣಿನಿಂದ ಹೊಟ್ಟೆ, ಬೆನ್ನು ಮೆಲ್ಲಗೆ ತಟ್ಟಿ. ಜುರ್ ಅಂತ ಗೊರಗುಟ್ಟಿದರೆ ಒಳಗಿನ ಪಟ್ಟಿ ಬಿಟ್ಟುಕೊಂಡಿದೆ.

ಒಡಕು ಕಂಡು ಹೆದರಬೇಡಿ. ಮರದ ಎಳೆಯ ಗುಂಟ ಹೋದ ಸಣ್ಣ ಒಡಕು ನೂರು ವರ್ಷದ ವಾದ್ಯಕ್ಕೆ ಸಹಜ. ಎಳೆಗೆ ಅಡ್ಡವಾಗಿ ಹೋಗಿದ್ದರೆ ಯಾರೋ ಮೇಲೆ ಕೂತಿದ್ದಾರೆ. ಒಡಕಿಗಿಂತ ನಾನು ಹೆದರುವುದು ಕ್ವಿಕ್ ಫಿಕ್ಸ್ ಅಂಟಿನ ಒಣಗಿದ ಹನಿಗಳಿಗೆ. ಅದನ್ನು ಬಿಡಿಸಲು ಹೋದರೆ ಮರವೂ ಕಿತ್ತು ಬರುತ್ತದೆ.

5. ಮನೆಗೆ ತಂದ ಮೇಲೆ

ಒಣ ಮೆದು ಬಟ್ಟೆಯಲ್ಲಿ ಧೂಳು ಒರೆಸಿ. ಸಾಕು. ಉಪ್ಪುಕಾಗದ ಬೇಡ, ಹೊಸ ಪಾಲಿಶ್ ಬೇಡ. ಹಳೇ ಲೇಪ ತೆಗೆದ ದಿನವೇ ಕೊಳ್ಳುವವರ ಕಣ್ಣಲ್ಲಿ ಬೆಲೆ ಬಿದ್ದುಹೋಗುತ್ತದೆ.

ಕಾರಿನಲ್ಲಿ ಮಾತ್ರ ಬಿಡಬೇಡಿ. ಸಂತೆಯಿಂದ ಬರುವಾಗ ನಾನು ದಿನಸಿ ಅಂಗಡಿಗೆ ಹೊಕ್ಕೆ. ಜುಲೈ ಬಿಸಿಲು. ಅರ್ಧ ಗಂಟೆ ಬಿಟ್ಟು ಬಂದರೆ ಕುದುರೆ ಸಡಿಲ, ಒಂದು ಮೂಲೆ ಎದ್ದು ನಿಂತಿತ್ತು. ಆ ಕಾಲದವರು ಬಳಸಿದ್ದು ಪ್ರಾಣಿ ಚರ್ಮ ಕುದಿಸಿ ತೆಗೆದ ಅಂಟು. ಬಿಸಿ ಮತ್ತು ತೇವ ಸೇರಿದರೆ ಅದು ಕರಗುತ್ತದೆ. ರಿಪೇರಿಯವರಿಗೆ ಅದೇ ವರ, ಯಾಕೆಂದರೆ ಮರಕ್ಕೆ ಗಾಯವಾಗದೆ ಭಾಗ ಬಿಡಿಸಿ ಮತ್ತೆ ಕೂರಿಸಬಹುದು. ನನಗಂತೂ ಅವತ್ತು ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. ಕುದುರೆ ಕೂರಿಸಿ ಕೊಟ್ಟ ರಿಪೇರಿಯವರು ಪೆನ್ಸಿಲ್ ತೆಗೆದು ಮರದ ಬಿರಡೆಯನ್ನೂ ಕೆತ್ತಿ ಹಾಕಿದರು.

6. ತಂತಿ ಮತ್ತು ಶ್ರುತಿ

ಲೋಹದ ತಂತಿ ಹಾಕಲೇಬೇಡಿ. ಹಿಂದೆ ಪ್ರಾಣಿಯ ಕರುಳಿನ ತಂತಿ ಇತ್ತು, ಈಗ ನೈಲಾನ್ ಅಥವಾ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ತಂತಿ. ಈ ತೆಳು ಹಲಗೆ ಅಷ್ಟು ಎಳೆತಕ್ಕೆ ಮಾತ್ರ ಮಾಡಿದ್ದು. ಲೋಹ ಹಾಕಿದರೆ ಕುದುರೆ ಹಾರುತ್ತದೆ, ಕೆಲವೊಮ್ಮೆ ಹಲಗೆಯ ಸಮೇತ. ಅಂಗಡಿಯಲ್ಲಿ 'ಸೊಪ್ರಾನೊ' (ಇಂಥ ಪುಟ್ಟ ಯುಕುಲೇಲಿಯ) ಅಳತೆ ಅಂತ ಕೇಳಿ.

ಶ್ರುತಿ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಜಿ, ಸಿ, ಇ, ಎ. 'ಸಿ'ಯನ್ನು ಷಡ್ಜ ಅಂದುಕೊಂಡರೆ ಪ-ಸ-ಗ-ದ. ಎದೆಗೆ ಹತ್ತಿರದ ಮೊದಲ ತಂತಿ 'ಪ' ಮಂದ್ರದ್ದಲ್ಲ, ಸ ದಾಟಿದ ಮೇಲಿನ ಪ. ಯುಕುಲೇಲಿಯ ಕಿಲಕಿಲ ಬರುವುದೇ ಅದರಿಂದ. 1920ರ ದಶಕದಲ್ಲಿ ಇದನ್ನೇ ಒಂದು ಸ್ವರ ಏರಿಸಿ ಎ, ಡಿ, ಎಫ್ ಶಾರ್ಪ್, ಬಿ ಎಂದು ಕೂಡಿಸುವ ರೂಢಿ ಜೋರಾಗಿತ್ತು. ಹಳೇ ಪುಟ್ಟ ಒಡಲಿಗೆ ಆ ಶ್ರುತಿ ಚೆನ್ನಾಗಿ ಒಪ್ಪುತ್ತದೆ ಅನ್ನುವವರಲ್ಲಿ ನಾನೂ ಒಬ್ಬ.

ಮರದ ಬಿರಡೆ ಜಾರಿದರೆ ತಿರುಗಿಸುವಾಗಲೇ ಒಳಗೆ ಒತ್ತಿ. ಆಗಲೂ ನಿಲ್ಲದಿದ್ದರೆ ಪಿಟೀಲಿನವರ ಹಾಗೆ ಚೂರು ಸೀಮೆಸುಣ್ಣ ಸವರಿ. ಲೋಹದ ಬಿರಡೆಯಾದರೆ ತುದಿಯ ಸ್ಕ್ರೂ ಕಾಲು ಸುತ್ತು ಬಿಗಿಮಾಡಿ. ಹೊಸ ತಂತಿ ಮೂರ್ನಾಲ್ಕು ದಿನ ಹಿಗ್ಗುತ್ತಲೇ ಇರುತ್ತದೆ, ಬಿರಡೆಗೆ ಬೈಯಬೇಡಿ.

7. ಊರಿಗೆ ತರುವುದಾದರೆ

ಹಳೇ ವಾದ್ಯದಲ್ಲಿ ಬ್ರೆಜಿಲ್‌ನ ಬೀಟೆ ಮರವಿದ್ದರೆ ಎಚ್ಚರ. 1992ರಿಂದ ಆ ಮರ ಅಂತರರಾಷ್ಟ್ರೀಯ ರಕ್ಷಣೆಯ ಅತಿ ಬಿಗಿ ಪಟ್ಟಿಯಲ್ಲಿದೆ. ಗಡಿ ದಾಟಿಸಲು ಪರವಾನಗಿ ಬೇಕಾಗುತ್ತದೆ, ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿ. ಬರೀ ಮಹಾಗನಿಯದ್ದೋ ಕೋವಾದ್ದೋ ಆದರೆ ಈ ತಲೆನೋವು ಕಡಿಮೆ.

ವಾದ್ಯ ಕೇಳುವ ತೇವ ಶೇ 45ರಿಂದ 55. ಮಂಗಳೂರಿನ ಆಷಾಢ ಅದಕ್ಕೆ ಜಾಸ್ತಿ, ಕಲಬುರಗಿಯ ಏಪ್ರಿಲ್ ಕಡಿಮೆ. ತೇವ ತೋರಿಸುವ ಪುಟ್ಟ ಮೀಟರ್ ಒಂದನ್ನು ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕು ಹಾಕಿ. ಬೇಸಿಗೆಗೆ ತೂತುಗಳಿರುವ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು. ಚೆನ್ನಾಗಿ ಹಿಂಡಿರಬೇಕು, ಒಂದು ಹನಿಯೂ ಮರದ ಮೇಲೆ ಬೀಳಬಾರದು.